ಮೇನ್ ಆಫ್ ಆದ ಮೇಲೆ

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬೆಳಗಿನಿಂದ ವಾರಿಜಾಕ್ಷಿಯ ಬೆನ್ನು ಬಿಟ್ಟಿರಲಿಲ್ಲ. ಒಲೆಯ ಮುಂದೆಯೂ ಅದೇ, ಬಟ್ಟೆ ಒಣಹಾಕುವಾಗಲೂ ಅದೇ. ಕೊನೆಗೆ ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ಕತ್ತೆತ್ತಿದಳು. ಮಾಡಿನ ಅಂಚಿನಲ್ಲಿ, ಸೋಲಾರ್ ಪ್ಯಾನೆಲ್‌ಗಳಿಂದ ಇಳಿದ ವಯರುಗಳು ಕೂಡುವ ಕಡೆ, ಕಪ್ಪು ಪ್ಲಗ್ಗೊಂದು ಮೇಣದಂತೆ ಕರಗಿತ್ತು. ಒಳಗಿನಿಂದ ಚಿಟಚಿಟ ಸದ್ದು.

ಕಂಪನಿಗೆ ಫೋನು ಮಾಡಿದರೆ, ಲಾಕ್‌ಡೌನ್ ಇರುವಾಗ ಮೆಲಾಕಾಕ್ಕೆ ಜನ ಕಳಿಸುವುದು ಕಷ್ಟ ಎಂದರು. ಮುಂದಿನ ಮಾತು ಕೇಳದೆಯೇ ಅವಳ ಗಂಡ ಸುಬ್ರಾಯ ಫೋನಿಟ್ಟ. ಈ ಪರದೇಶದ ಊರಿನ ಮೆಡಿಕಲ್ ಕಾಲೇಜಿನಲ್ಲಿ ಅಧ್ಯಾಪಕ. ತಿಂಗಳುಗಟ್ಟಲೆ ಲ್ಯಾಪ್‌ಟಾಪಿಗೆ ಪಾಠ ಹೇಳಿ ಬೇಸತ್ತವನಿಗೆ ಕೈತುಂಬ ಕೆಲಸ ಸಿಕ್ಕಿದ್ದೇ ಹಬ್ಬ. ಉಡುಪಿಯ ಮನೆಯಲ್ಲಿ ಅವನ ಅಪ್ಪ ಕರೆಂಟಿನ ಕೆಲಸಕ್ಕೆ ಇಳಿಯುವ ಮೊದಲು ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಫ್ಯೂಸು ಜೇಬಲ್ಲಿದ್ದರೆ ಯಮನೂ ಹತ್ತಿರ ಬಾರ ಎನ್ನುವುದು ಅವರ ಮಾತು. ಇಲ್ಲಿ ಕೀಳಲು ಫ್ಯೂಸಿಲ್ಲ. ಸುಬ್ರಾಯ ಮೇನ್ ಸ್ವಿಚ್ ಇಳಿಸಿ, ಟೇಪು ಅಂಟಿಸಿ, ಮುಟ್ಟಬೇಡವೆಂದು ಮಗಳು ನಿಖಿತಾಗೆ ತಾಕೀತು ಮಾಡಿದ. ಫ್ಯಾನು ನಿಂತಿತು. ಮಾಡಿನ ಸದ್ದೂ ನಿಂತಿತು.

"ಕೇಳಿತಲ್ಲ? ಸತ್ತಿತು," ಎಂದವನು ಏಣಿ ಆನಿಸಿಟ್ಟು, ಸ್ಕ್ರೂಡ್ರೈವರ್ ತರಲು ಒಳಗೆ ಹೋದ.

ಗೋಡೆಯ ಮೇಲೆ, ಪ್ಯಾನೆಲ್‌ಗಳ ವಯರು ಬಂದು ಸೇರುವ ಬ್ಯಾಟರಿಯಿಲ್ಲದ ಇನ್ವರ್ಟರ್ ಪೆಟ್ಟಿಗೆಯ ದೀಪ ಮಾತ್ರ ಉರಿಯುತ್ತಲೇ ಇತ್ತು. ಮನೆಯಲ್ಲೆಲ್ಲೂ ಕರೆಂಟಿಲ್ಲ, ಇದಕ್ಕೆಲ್ಲಿಂದ? ವಾರಿಜಾಕ್ಷಿ ಮಾಡಿನ ಮೇಲಿನ ಉರಿಬಿಸಿಲು ನೋಡಿದಳು. ಅವನು ನಿಲ್ಲಿಸಿದ್ದು ಬೀದಿಯಿಂದ ಬರುವ ಕರೆಂಟನ್ನು. ಬಿಸಿಲನ್ನು ಯಾರು ನಿಲ್ಲಿಸಿದರು?

ಹೇಳಬೇಕು. ಆದರೆ ಅವಳು ಏನು ಹೇಳಿದರೂ ಅವನು ಮೊದಲು ನಗುವುದು, ಆಮೇಲೆ ವಿವರಿಸುವುದು, ಅವಳು ಸುಮ್ಮನಾಗುವುದು ಈ ಸಂಸಾರದ ರೂಢಿ. ಸುಮ್ಮನಿರುವುದು ಜಗಳಕ್ಕಿಂತ ಹಗುರ ಎಂದು ಅವಳೇ ಕಲಿತದ್ದು. ಇವತ್ತು ಅವನು ವಿವರಿಸುತ್ತ ವಿವರಿಸುತ್ತಲೇ ಹತ್ತಿಬಿಟ್ಟರೆ?

ನೈಟಿಯನ್ನು ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ನಾಲ್ಕು ಮೆಟ್ಟಿಲು ಮೇಲೆ ಹೋಗಿ, ಎರಡೂ ಕಡೆ ಬಿಗಿಯಾಗಿ ಹಿಡಿದು ನಿಂತಳು.

"ಎಂತ ಮಾರಾಯ್ತಿ ಇದು? ಇಳಿ," ಎಂದ ಹೊರಗೆ ಬಂದ ಸುಬ್ರಾಯ.

"ಮೇನ್ ಆಫ್ ಆದ್ರೆ ಆ ದೀಪ ಯಾಕೆ ಉರೀತಾ ಉಂಟು?"

ಒಳಗೆ ಉಳಿದ ಚಾರ್ಜು, ಈಗ ಆರುತ್ತದೆ ಎಂದ ಸುಬ್ರಾಯ. ಆರಲಿ, ಆಮೇಲೆ ಹತ್ತಿ ಎಂದಳು. ಇಬ್ಬರೂ ಕಾದರು. ದೀಪ ಆರಲಿಲ್ಲ. ಅವನು ನಕ್ಕ, ವಿವರಿಸಿದ, ಪಕ್ಕದ ಮನೆಯವರು ನೋಡುತ್ತಿದ್ದಾರೆ ಎಂದು ಗದರಿದ.

"ಅಮ್ಮ, ಯು ಲುಕ್ ಲೈಕ್ ಎ ಮಂಕಿ ಲಾ," ಎಂದಳು ನಿಖಿತಾ, ಇಲ್ಲಿನ ಶಾಲೆಯ ಇಂಗ್ಲಿಷಿನಲ್ಲಿ.

"ಮಂಗನೇ ಸರಿ," ಎಂದಳು. ಗಂಡನತ್ತ ತಿರುಗಿದಳು. "ಈಗ ನಿಮಗೆ ಎಂತಾದ್ರೂ ಆದ್ರೆ ಆಸ್ಪತ್ರೆಯ ಬಾಗಿಲು ದಾಟ್ಲಿಕ್ಕೂ ನನ್ನನ್ನು ಬಿಡುದಿಲ್ಲ. ಗೊತ್ತುಂಟಲ್ಲ? ನಾನು ಇಳಿಯುದಿಲ್ಲ."

ಅವನಿಗೆ ಗೊತ್ತಿತ್ತು. ಕಂಪನಿಗೆ ಮತ್ತೆ ಫೋನು ಮಾಡಿದ. ಈ ಸಲ ಕೊನೆಯವರೆಗೂ ಕೇಳಿದ. ಮೇನ್ ಇಳಿಸಿ ಸದ್ದು ನಿಂತರೂ ಬಿಸಿಲಿರುವಷ್ಟು ಹೊತ್ತು ಆ ವಯರುಗಳಲ್ಲಿ ಜೀವ ತೆಗೆಯುವಷ್ಟು ಕರೆಂಟು ಇರುತ್ತದೆ, ಇನ್ವರ್ಟರಿನ ಕೆಳಗಿನ ಸ್ವಿಚ್ ತಿರುಗಿಸಿ ದೂರ ಸರಿಯಿರಿ, ಪ್ಲಗ್ ಸುಟ್ಟಿದ್ದರೆ ಪ್ರಯಾಣದ ಪರವಾನಗಿ ಪಡೆದು ನಾಳೆಯೇ ಬರುತ್ತೇವೆ ಎಂದರು.

ಸುಬ್ರಾಯ ಆ ಸ್ವಿಚ್ ತಿರುಗಿಸಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆಲ್ಲ ಅವನ ಧ್ವನಿ ಕೇಳಿತು. ಯಾರೋ ಸಹೋದ್ಯೋಗಿಗೆ ಹೇಳುತ್ತಿದ್ದ: "ಮೇನ್ ಆಫ್ ಮಾಡಿದ್ರೆ ಸಾಲದು ಮಾರಾಯ. ನಾನು ನೋಡಿದ ಕೂಡ್ಲೇ ಹೇಳಿದೆ, ಮುಟ್ಟುದು ಬೇಡ ಅಂತ."

ವಾರಿಜಾಕ್ಷಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹೇಳಿಕೊಳ್ಳಲಿ. ಆದರೆ ಹೀಗೆ ಹೇಳುತ್ತ ಹೇಳುತ್ತ ಅವನಿಗೆ ಮತ್ತೆ ಧೈರ್ಯ ಬಂದರೆ? ಇಳಿದವಳು ಏಣಿಯನ್ನು ದರದರ ಎಳೆದು ಅಡುಗೆಮನೆಯೊಳಗೆ ಅಡ್ಡ ಮಲಗಿಸಿದಳು. ಅದರ ಮೇಲೆ ಒಂದು ಕಾಲಿಟ್ಟುಕೊಂಡೇ ಬೆಂಡೆಕಾಯಿ ಹೆಚ್ಚತೊಡಗಿದಳು.