ಹದಿಮೂರನೆಯ ಕಿಸೆ

ನಾಲ್ಕನೆಯದೂ ಹೊರಗೆ ಬಂತು, ಹಾಡು ಮುಗಿದ ಕೂಡಲೇ ಯೋಗೀಶಣ್ಣ ಕೋಟಿನ ಕಿಸೆಯನ್ನು ಮಗುಚಿ ಹೊರಗೆಳೆದು ನೇತಾಡಲು ಬಿಟ್ಟರು, ಬಿಳಿ ಅಸ್ತರು, ನಾಲಿಗೆ ಚಾಚಿದ ಹಾಗೆ — ಹೊಲಿಗೆ ಬಿಡಲಿಲ್ಲ, ಒಂದು ನೂಲೂ ಏಳಲಿಲ್ಲ, ಯಶ್ಮಿತಾ ಹಿಂದಿನ ಸಾಲಿನಲ್ಲಿ ಕುಳಿತು ಅದನ್ನೇ ನೋಡಿದಳು, ಉಳಿದವರೆಲ್ಲ ನಗುತ್ತಿದ್ದರು, ರೇಶನ್ ಅಂಗಡಿಯ ಮೆಷಿನಿಗೆ ಒತ್ತಿ ಒತ್ತಿ ಬೆರಳೇ ಸವೆದುಹೋದ ಅಜ್ಜನ ಹಾಡು, ಅವಳಿಗೆ ಹಾಡಿಗಿಂತ ಮೊದಲು ಕಾಣುವುದು ಹೊಲಿಗೆ. ಪುತ್ತಿಗೆಯ ಈ ವಾಚನಾಲಯದ ಹಾಲಿನಲ್ಲಿ ನೂರಿಪ್ಪತ್ತು ಜನ ಇದ್ದರೆ ಹೆಚ್ಚು, ಯೋಗೀಶಣ್ಣ ಎಲ್ಲಿ ಹಾಡಿದರೂ ಇವರೇ ಬರುವುದು, ಮೀಂಜದಿಂದ ಜೀಪು ಮಾಡಿಕೊಂಡು, ಹೊರಗಿನವರಿಗೆ ಅವರು ಬಸ್ಸಿನ ಕಂಡಕ್ಟರ್ ಅಷ್ಟೆ, ಇವರಿಗೆ ಕಿಸೆ ಯೋಗೀಶಣ್ಣ, ಹನ್ನೆರಡು ಕಿಸೆಯ ಕೋಟು, ಕಿಸೆಗೊಂದು ಹಾಡಿನ ಚೀಟಿ, ಯಾವುದೆಂದು ಸಭೆಯೇ ಕೂಗಿ ಹೇಳಬೇಕು — ಏಳನೇ ಕಿಸೆ ಯೋಗೀಶಣ್ಣ, ಏಳು! ಅದು ದೇಲಂಪಾಡಿಯ ಚೋಮಣ್ಣ, ಮುಂದಿನ ಸಾಲು, ಆ ಹಾಡನ್ನು ಮೂವತ್ತು ಸಲ ಕೇಳಿದವರು, ಅವಸರ ಎಂತ ಚೋಮಣ್ಣ, ಒಲೆಯಲ್ಲಿ ಅನ್ನ ಇಟ್ಟು ಬಂದದ್ದಾ, ಎಂದರು ಯೋಗೀಶಣ್ಣ, ಮತ್ತೆ ನಗು, ಏಳನೆಯದೂ ಹೊರಗೆ ಬಂತು, ಬಿಳಿ. ಅವರ ಹಳೆಯ ಕೋಟು ಹರಿದು ಯಶ್ಮಿತಾ ಕೆಲಸಕ್ಕಿರುವ ಹೊಲಿಗೆ ಅಂಗಡಿಗೆ ಬಂದದ್ದು ಹೋದ ತಿಂಗಳು, ಅಂಗಡಿಯ ಈಶ್ವರಿಯಕ್ಕ ತಿರುಗಿಸಿ ತಿರುಗಿಸಿ ನೋಡಿ, ಇದು ಕೋಟಾ ಕಪಾಟಾ, ನನ್ನಿಂದ ಆಗ್ಲಿಕ್ಕಿಲ್ಲ, ಹೊಸತು ನೀನೇ ಹೊಲಿ ಮಾರಾಯ್ತಿ, ಎಂದು ಅವಳ ಮುಂದೆ ಹಾಕಿದ್ದರು, ಅವಳು ಹೊಲಿದಳು, ಹನ್ನೆರಡು ಆದ ಮೇಲೆ ಎದೆಯ ಒಳಬದಿಗೆ ಯಾರೂ ಕೇಳದ ಇನ್ನೊಂದು, ಬಿಳಿ ಬಟ್ಟೆ ಮುಗಿದಿತ್ತು, ಒಂಬತ್ತನೇ ಕ್ಲಾಸಿನ ನೀಲಿ ಸ್ಕರ್ಟು ಗಂಟಿನಲ್ಲಿತ್ತು, ಅದನ್ನೇ ಕತ್ತರಿಸಿದಳು, ಅವಳೇ ಬರೆದ ನಾಲ್ಕು ಸಾಲಿನ ಚೀಟಿ ಮಡಚಿ ಅದರೊಳಗೆ ಇಟ್ಟಳು, ಕೈಗೆ ಕೊಡುವ ಧೈರ್ಯ ಎಲ್ಲಿಂದ. ನಿನ್ನೆ ಕೋಟು ಯೋಗೀಶಣ್ಣನ ಕೈಗೆ ಹೋಯಿತು. ಚೀಟಿ ಸಿಕ್ಕಿತೋ ಇಲ್ಲವೋ, ಸಿಕ್ಕಿ ಬಿಸಾಡಿದರೋ, ಇವತ್ತು ಹಾಡದಿದ್ದರೆ ಇನ್ನು ಬರೆಯುವುದಿಲ್ಲ, ಒಂದಕ್ಷರವೂ ಇಲ್ಲ, ಅಷ್ಟೇ — ಹಾಡಿದರೆ? ನಗುತ್ತಾರೆ, ನಗಲಿಕ್ಕೇ ಬರೆದದ್ದು, ಆದರೂ ನಗು ಎಂದರೆ ಅವಳಿಗೆ ಆ ಒಂಬತ್ತನೇ ಕ್ಲಾಸು, ಎದ್ದು ಓದು ಎಂದರು ಟೀಚರ್, ಪುಸ್ತಕ ಕೈಯಲ್ಲಿ, ಅಕ್ಷರ ಕಾಣುತ್ತದೆ, ಗಂಟಲಿನಿಂದ ಏನೂ ಹೊರಡುವುದಿಲ್ಲ, ಯಾರೋ ಕಿಸಕ್ಕೆಂದರು, ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು, ಮರುದಿನ ಹೊಟ್ಟೆನೋವು, ಅದರ ಮರುದಿನವೂ, ಟೀಚರ್ ಮನೆಗೂ ಬಂದು ಕರೆದರು, ಹೊಟ್ಟೆನೋವು ಗುಣವಾಗಲೇ ಇಲ್ಲ.

ಹತ್ತು. ಹನ್ನೊಂದು. ಹನ್ನೆರಡನೆಯದೂ ನೇತಾಡಿತು, ಮೈತುಂಬ ಬಿಳಿ ನಾಲಿಗೆ, ಆಯ್ತು, ಏಳಿ ಏಳಿ, ಐದೂವರೆಯ ಬಸ್ಸು ಉಂಟು, ಎಂದು ಚೋಮಣ್ಣ ಕೊಡೆ ಎತ್ತಿಕೊಂಡರು, ಹನ್ನೆರಡಾದರೆ ಮುಗಿಯಿತು, ಇವರ ಕಟ್ಟಳೆಯೇ ಹಾಗೆ, ಕುರ್ಚಿಗಳು ಸರಿದವು, ಹೋಯಿತು, ಒಳ್ಳೆಯದೇ ಆಯಿತು, ಒಳ್ಳೆಯದಾಗಲಿಲ್ಲ — ಯೋಗೀಶಣ್ಣ ಎದೆಗೆ ಕೈಯಿಟ್ಟು ನಮಸ್ಕಾರಕ್ಕೆ ಬಗ್ಗಿದರು, ಬಗ್ಗಿದಲ್ಲೇ ನಿಂತರು, ಅಂಗೈ ಒತ್ತಿ ನೋಡಿದರು, ಇಲ್ಲೆಂತ ಉಂಟು ಮಾರಾಯ್ರೆ? ಒಳಗೆ ಸಿಕ್ಕಿದ ಚೀಟಿ ಬಿಡಿಸಿದರು, ಓದಿದರು, ಮೀಸೆ ಅಲುಗಿತು, ಹಾರ್ಮೋನಿಯಮ್ಮಿನಲ್ಲಿ ಬೆರಳು ಅತ್ತಿತ್ತ ಹುಡುಕಿ, ಎದ್ದು ನಿಂತ ಜನಕ್ಕೆ ಹಾಡಿಯೇಬಿಟ್ಟರು —

ತಮ್ಮ ಮದುವೆ ರವಿಕೆ ಅಳತೆಗೆ ತಂದು
ಇಷ್ಟೇ ಸಾಕು ಅಂತಾರೆ,
ಮಗನಿಗೆ ಮದುವೆ ನಿಶ್ಚಯವಾದರೂ
ಉಸಿರು ಹಿಡಿದೇ ನಿಲ್ತಾರೆ!

ಹೆಂಗಸರ ಕಡೆಯಿಂದ ಒಂದು ನಗು ಸಿಡಿಯಿತು, ಆಮೇಲೆ ಹಾಲಿಗೆ ಹಾಲೇ, ಯಾರೋ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಇನ್ನೊಬ್ಬರು ತಮ್ಮ ಸೊಂಟವನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ, ಈ ನಗು ಅವಳ ಕಡೆಗೆ ಬರುತ್ತಿಲ್ಲ, ಅವಳಿಂದ ಹೊರಟು ಹೋಗುತ್ತಿದೆ, ಪಕ್ಕದಲ್ಲಿ ಈಶ್ವರಿಯಕ್ಕ ಹೊಟ್ಟೆ ಹಿಡಿದುಕೊಂಡು, ಇದು ನಮ್ಮ ಅಂಗಡಿಯೇ, ಎಂದವರು ಥಟ್ಟನೆ ತಿರುಗಿ, ನೀನಾ? ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳು, ನೀನಾ? ಮುಂದಿನ ಸಾಲಿನಲ್ಲಿ ಚೋಮಣ್ಣ, ಹದಿಮೂರು ಇನ್ನೊಮ್ಮೆ, ಬಸ್ಸು ಹೋದರೆ ಹೋಗಲಿ, ಎಂದು ಮತ್ತೆ ಕುಳಿತೇಬಿಟ್ಟರು, ಇದು ನನ್ನ ಹಾಡಲ್ಲ, ಬರೆದವರು ಯಾರು, ಎಂದು ಯೋಗೀಶಣ್ಣ ಕೇಳುತ್ತಿದ್ದಾರೆ, ಕಣ್ಣು ಸಾಲು ಸಾಲಾಗಿ ಹಿಂದಕ್ಕೆ ಬರುತ್ತಿದೆ, ಅವಳು ಎದ್ದಿದ್ದಾಳೆ, ಯಾವಾಗ ಎದ್ದಳು, ಕಾಲು ಅವಳದ್ದೇ, ಗಂಟಲು ಅದೇ, ನಾನು, ಎಂದಿತು ಗಂಟಲು, ಬರೆದದ್ದು ನಾನು, ಇನ್ನೂ ಉಂಟು ಹೇಳಲಿಕ್ಕೆ, ನೂರಿಪ್ಪತ್ತು ಮುಖ ತಿರುಗಿವೆ, ತಿರುಗಲಿ — ಹೊಲಿದದ್ದೂ ನಾನೇ — ಯೋಗೀಶಣ್ಣ ಕೋಟು ಬಿಡಿಸಿ ಒಳಗಿನ ಕಿಸೆಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದರು, ಹೊರಗೆ ಬಂತು, ಹನ್ನೆರಡು ಬಿಳಿಯ ನಡುವೆ ಅದೊಂದು, ನೀಲಿ, ನೇತಾಡುತ್ತ, ನೀಲಿ