ಸರ್ ಆರಿಸಿದ ಇಪ್ಪತ್ತು ಚಿತ್ರಗಳು

ನಮ್ಮ ಘಾಣೇಕರ್ ಸರ್ ಪುಣೆಯಲ್ಲಷ್ಟೇ ಅಲ್ಲ, ಇಲಿಗಳ ಮಿದುಳಿನಲ್ಲೂ ದೊಡ್ಡ ಮನುಷ್ಯರು. ನರಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಕಣಗಳನ್ನು, ಅಂದರೆ ಮೈಟೋಕಾಂಡ್ರಿಯಾಗಳನ್ನು, ನರದ ತುದಿಯವರೆಗೆ ಹೊತ್ತೊಯ್ಯುವುದು ಒಂದು ಪ್ರೋಟೀನು ಎಂದು ಹತ್ತು ವರ್ಷದ ಹಿಂದೆ ಸಾರಿದವರು ಅವರೇ. ಆ ಪ್ರೋಟೀನು ತೆಗೆದರೆ ಕಣಗಳೆಲ್ಲ ನಡುವಿನಲ್ಲೇ ಗುಂಪುಗಟ್ಟಿ ಕೂರುತ್ತವಂತೆ. ಅದಕ್ಕೆ ಸಾಕ್ಷಿಯಾದ ಚಿತ್ರ ತೆಗೆದವನು ನಾನು. ಇನ್ನೂರು ಕೋಶಗಳಲ್ಲಿ ಒಂದೇ ಒಂದು ಹಾಗೆ ಕಂಡಿತ್ತು. ಅದನ್ನೇ ಅಚ್ಚು ಹಾಕಿಸಿ, ಕೆಳಗೆ 'ಮಾದರಿ ಚಿತ್ರ' ಎಂದು ಬರೆದೆವು. ನನಗೆ ಡಾಕ್ಟರೇಟ್ ಬಂತು, ಅದೇ ಲ್ಯಾಬಿನಲ್ಲಿ ಕೆಲಸವೂ ಬಂತು. ವಿಜ್ಞಾನ ಮುಂದುವರಿಯುವುದು ಹೀಗೆಯೇ.

ಎಲ್ಲ ಸುಸೂತ್ರವಾಗಿದ್ದಾಗ ಮೃಣ್ಮಯಿ ಖೋಪಕರ್ ವಿದ್ಯಾರ್ಥಿನಿಯಾಗಿ ಬಂದಳು. ಅವಳಿಗೆ ಎಲ್ಲ ಕೋಶಗಳನ್ನೂ ಎಣಿಸುವ ಕೆಟ್ಟ ಚಟ. ಆರು ವರ್ಷ ಎಣಿಸಿ, ಪ್ರೋಟೀನು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂದು ಪ್ರಬಂಧ ಬರೆದಳು. ಸರ್ ಸಹಿ ಹಾಕಲಿಲ್ಲ. ಸಹಿ ಬೀಳದಿದ್ದರೆ ಡಾಕ್ಟರೇಟ್ ಇಲ್ಲ, ಆರು ವರ್ಷವೂ ನೀರಲ್ಲಿ ಹೋಮ.

"ನಿಂಗೆ ನೋಡೋಕೇ ಬರಲ್ಲಮ್ಮ," ಎಂದರು ಸರ್, ಚಹಾದ ಹೊತ್ತಿಗೆ ಎಲ್ಲರ ಮುಂದೆ. "ನಂಗಾದ್ರೆ ಒಂದು ನೋಟ ಸಾಕು."

"ಹಾಗಾದ್ರೆ ನೋಡಿಬಿಡಿ ಸರ್. ಇಪ್ಪತ್ತು ಚಿತ್ರ ಕೊಡ್ತೀನಿ. ಹತ್ತರಲ್ಲಿ ಪ್ರೋಟೀನ್ ಇದೆ, ಹತ್ತರಲ್ಲಿ ಇಲ್ಲ. ಹೆಸರು ಮುಚ್ಚಿ ದಾದಾ ನಂಬರ್ ಹಾಕ್ಲಿ. ಯಾವುದು ಏನು ಅಂತ ನಂಗೂ ಗೊತ್ತಿರಲ್ಲ."

ದಾದಾ ಎಂದರೆ ಅಣ್ಣ, ಅಂದರೆ ನಾನು. ಮರುದಿನ ನಂಬರ್ ಹಾಕಿ, ಯಾವ ನಂಬರ್ ಯಾವುದು ಎಂಬ ಪಟ್ಟಿಯನ್ನು ಲಕೋಟೆಯಲ್ಲಿಟ್ಟೆ. ಸರ್ ಒಂದು ಕೈಯಲ್ಲಿ ಸಾಬುದಾಣಿ ಖಿಚಡಿ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಚಿತ್ರಗಳನ್ನು ಸರಸರನೆ ಎರಡು ಗುಂಪು ಮಾಡಿದರು.

"ಈಗ ಓದಪ್ಪಾ," ಎಂದರು.

ಓದಿದೆ. ಹತ್ತು ಸರಿ, ಹತ್ತು ತಪ್ಪು. ಕಣ್ಣು ಮುಚ್ಚಿ ಆರಿಸಿದ್ದರೂ ಅಷ್ಟೇ ಬರುತ್ತಿತ್ತು. ಪಾಪ, ಸರ್ ಸುಮ್ಮನೆ ಕಣ್ಣಿಗೆ ಶ್ರಮ ಕೊಟ್ಟರು.

"ನಂಬರ್ ಹಾಕುವಾಗ ನೀನು ಅದಲು ಬದಲು ಮಾಡಿದ್ದೀಯ," ಎಂದು ನನ್ನನ್ನು ದಿಟ್ಟಿಸಿದರು.

ಮಾಡಿರಲಿಲ್ಲ. ಮೂರು ಸಲ ತಾಳೆ ನೋಡಿದ್ದೆ. ಮೃಣ್ಮಯಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಆಗಿರ್ಬೋದು ಸರ್," ಎಂದೆ. ನನ್ನ ಪದವಿ, ಸಂಸಾರ, ಧೈರ್ಯ ಎಲ್ಲ ಸೇರಿ ಎರಡೇ ಮಾತಿನಲ್ಲಿ ಮುಗಿಯಿತು.

"ಕೇಳಿದ್ಯಲ್ಲ? ಮೊದಲಿಂದ ಮಾಡು," ಎಂದರು ಸರ್ ಅವಳಿಗೆ.

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹೊಸದಾಗಿ ಕೋಶ ಬೆಳೆಸಿದಳು. ನಂಬರ್ ಹಾಕುವ ದಿನ ನನ್ನನ್ನು ದಾಟಿಕೊಂಡು ನೇರ ಸರ್ ಮೇಜಿನ ಎದುರು ನಿಂತಳು.

"ಈ ಸಲ ನೀವೇ ನಂಬರ್ ಹಾಕಿ ಸರ್. ಪಟ್ಟಿ ನಿಮ್ಮ ಹತ್ರಾನೇ ಇರ್ಲಿ, ಅಳೆಯೋದು ಮಾತ್ರ ನಾನು. ನಿಮ್ಮ ಕೈಯಿಂದಂತೂ ತಪ್ಪಾಗಲ್ಲ ಅಲ್ವಾ?"

ಇಡೀ ಲ್ಯಾಬು ಕೇಳಿಸಿಕೊಳ್ಳುತ್ತಿತ್ತು. ಆಗುತ್ತದೆ ಎಂದು ಸರ್ ಹೇಗೆ ತಾನೇ ಹೇಳುತ್ತಾರೆ? ಹಾಕಿದರು. ತಿಂಗಳಾದ ಮೇಲೆ ಅವಳು ಅಳೆದ ನಾನೂರು ಕೋಶಗಳ ಲೆಕ್ಕವನ್ನು ತಮ್ಮದೇ ಪಟ್ಟಿಯೊಂದಿಗೆ ತಾಳೆ ನೋಡಿದರು. ಪ್ರೋಟೀನು ಇದ್ದ ಕೋಶಕ್ಕೂ ಇಲ್ಲದ ಕೋಶಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತಪ್ಪು ಹೊರಿಸಲು ಬೇರೆ ಯಾರೂ ಸಿಗದೆ ಸಹಿ ಹಾಕಿದರು.

ಮೃಣ್ಮಯಿ ಎಲ್ಲರಿಗೂ ಪೇಢೆ ಹಂಚಿದಳು. ನನ್ನ ಮುಂದೆಯೂ ಡಬ್ಬಿ ಹಿಡಿದಳು.

"ತಗೊಳ್ಳಿ ದಾದಾ. ನೀವು ನಿಜ ಹೇಳಿದ್ದಿದ್ರೆ ಇದನ್ನ ಅವತ್ತೇ ತಿನ್ಬೋದಿತ್ತು."

ತೆಗೆದುಕೊಂಡೆ. ನಾಚಿಕೆಗೆ ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.