ಮೊದಲು ಎತ್ತರ, ಆಮೇಲೆ ಜನ

ಅರ್ಧಂಬರ್ಧ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಊರಿನ ಕಚೇರಿಗಳಿಗೆಲ್ಲ ಪ್ರೋಗ್ರಾಂ ಬರೆದುಕೊಡುವವಳು ನಾನೊಬ್ಬಳೇ. ಹಾಗಾಗಿ ಅಂಥವರೆಲ್ಲ ನನಗೇ ಗಂಟುಬೀಳುತ್ತಾರೆ.

ಅವತ್ತು ಬೆಳಿಗ್ಗೆ ಮೊದಲು ಫೋನ್ ಮಾಡಿದವಳು ನನ್ನಕ್ಕ. ಹೊಳೆದಂಡೆಯ ಮನೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. "ಒಳಗೆಲ್ಲ ತುರಿಕೆ ಕಣೇ. ನಮ್ಮ ಬೀದೀಲಿ ಇರೋದೇ ಹನ್ನೆರಡು ಜನ, ಕೆರೆಯೋಕೂ ಯಾರೂ ಸಿಗಲ್ಲ," ಎಂದು ಗೋಳಾಡಿದಳು. ನಕ್ಕು ಫೋನಿಟ್ಟೆ.

ಮಧ್ಯಾಹ್ನ ಅಣೆಕಟ್ಟಿನ ಆಪರೇಟರ್ ಫೋನ್ ಮಾಡಿದ. "ಮೇಡಂ, ಎರಡು ಕಾಲಂ ಇದೆ. ಎರಡನ್ನೂ ನೋಡಿ ಜೋಡಿಸ್ಬೇಕು. ಸರಿಯಾಗಿ ಬರ್ತಿಲ್ಲ."

"ಸರಿ ಅಂದ್ರೆ ಹೇಗಿರ್ಬೇಕು ಮಾರಾಯ? ಮೊದಲು ಯಾವುದು ನೋಡ್ಬೇಕು? ಚಿಕ್ಕದು ಮೇಲೋ, ದೊಡ್ಡದು ಮೇಲೋ? ಬಾಯಿಬಿಟ್ಟು ಹೇಳು."

"ಮೊದಲನೇದೇ ಮೊದಲು. ಚಿಕ್ಕದು ಮೇಲೆ. ಬೇಗ ಮೇಡಂ."

ಅವನು ಕಳಿಸಿದ್ದು ಬರೀ ಅಂಕಿಗಳು. ಮೊದಲನೆಯ ಕಾಲಂ ಜೋಡಿಸಿ, ಆಮೇಲೆ ಎರಡನೆಯದರ ಪ್ರಕಾರ ಇಡೀ ಪಟ್ಟಿಯನ್ನು ಮತ್ತೆ ಜೋಡಿಸಿದ್ದ. ಮೊದಲು ಮಾಡಿದ್ದೆಲ್ಲ ಮಣ್ಣುಪಾಲು. ಎರಡನ್ನೂ ಒಟ್ಟಿಗೆ ನೋಡುವಂತೆ ಒಂದೇ ಸಾಲು ಕೋಡ್ ಬರೆದು ಕಳಿಸಿದೆ.

"ಇಷ್ಟಕ್ಕೂ ಇದೇನು ಲೆಕ್ಕ?"

ಅವನು ದನಿ ತಗ್ಗಿಸಿದ. "ಗೇಟು ತಡೆಯೋ ಹಾಗೆ ಕಾಣ್ತಿಲ್ಲ ಮೇಡಂ. ಮೊದಲನೇದು ಬೀದಿ ಹೊಳೆಯಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಅಂತ, ಎರಡನೇದು ಅಲ್ಲಿರೋ ಜನ. ಇದೇ ಕ್ರಮದಲ್ಲಿ ಬಸ್ ಕಳಿಸ್ತಾರೆ. ಎಲ್ಲರನ್ನೂ ಕರ್ಕೊಂಡು ಬರೋಷ್ಟು ಹೊತ್ತು ಸಿಗೋದು ಅನುಮಾನ."

ಕಿಟಕಿಯಾಚೆ ಬಿಸಿಲು ಚೆನ್ನಾಗಿತ್ತು. ಹೊಳೆದಂಡೆಯ ಮಾಳಿಗೆಗಳ ಮೇಲೆ ಬಟ್ಟೆಗಳು ಒಣಗುತ್ತಿದ್ದವು.

ಪಟ್ಟಿಯ ಮೇಲಿನ ಸಾಲು ನೋಡಿದೆ. ಎತ್ತರ ಮೂರು, ಜನ ಹನ್ನೆರಡು. ಅಕ್ಕನ ಬೀದಿಯೇ. ಮೊದಲ ಬಸ್ ಅವಳಿಗೇ. ಹೋದ ಜೀವ ಬಂದಂತಾಯಿತು.

ಆಮೇಲೆ ಕಣ್ಣು ಕೆಳಗಿಳಿಯಿತು. ಅದೇ ಮೂರರ ಎತ್ತರದ ಇನ್ನೂ ಹಲವು ಬೀದಿಗಳಿದ್ದವು. ಅವುಗಳಲ್ಲಿ ಕೊನೆಯದರಲ್ಲಿ ನಾನೂರು ಜನ. ಅವನು ಚಿಕ್ಕದು ಮೇಲೆ ಎಂದದ್ದು ಎತ್ತರಕ್ಕೆ ಮಾತ್ರವೋ, ಜನಕ್ಕೂ ಸೇರಿಯೋ? ಕಂಡಕಂಡವರಿಗೆಲ್ಲ ಬೈಯುವ ನಾನೇ ಅದನ್ನು ಕೇಳಿರಲಿಲ್ಲ. ಅವನಿಗದು ಹೊಳೆದಿರಲಿಲ್ಲ. ನಾನು ತುಟಿ ಬಿಚ್ಚದಿದ್ದರೆ ಯಾರಿಗೂ ಹೊಳೆಯುತ್ತಿರಲಿಲ್ಲ.

"ಮೇಡಂ, ಕಳಿಸಿಬಿಡ್ಲಾ?"

ಕಳಿಸು ಅನ್ನಬೇಕು ಅನಿಸಿತು, ಸುಳ್ಳೇಕೆ ಹೇಳಲಿ.

"ತಡಿ. ಎತ್ತರ ಒಂದೇ ಆದ್ರೆ, ಜಾಸ್ತಿ ಜನ ಇರೋ ಬೀದಿ ಮೊದಲಾ?"

"ಮತ್ತೆ? ಅದನ್ನೂ ಹೇಳ್ಬೇಕಾ ಮೇಡಂ?"

ತಿದ್ದಿದೆ. ಅಕ್ಕನ ಬೀದಿ ಮೂರರ ಎತ್ತರದ ಬೀದಿಗಳಿಗೆಲ್ಲ ಕೊನೆಯಾಯಿತು. "ಈಗ ಸರಿಯಿದೆ, ಕಳಿಸು," ಎಂದು ಹೇಳಿ ಸ್ಕೂಟರ್ ಹತ್ತಿ ಎದ್ದೆನೋ ಬಿದ್ದೆನೋ ಎಂದು ಹೊರಟೆ.

ಇಳಿಜಾರಿನ ತಲೆಯಲ್ಲಿ ಪೊಲೀಸರು ದಾರಿಗೆ ಅಡ್ಡಕಟ್ಟಿದ್ದರು. "ಕೆಳಗೆ ಬಸ್ಸಿಗೆ ಮಾತ್ರ ಬಿಡೋದು."

"ಕೈಮುಗಿತೀನಿ, ಅಕ್ಕ ಒಬ್ಬಳೇ ಇದ್ದಾಳೆ, ನಡೆಯೋಕಾಗಲ್ಲ."

"ಯಾವ ಬೀದಿ?" ಪೊಲೀಸಿನವನು ಮೊಬೈಲ್ ತೆಗೆದು, ಬೀದಿಗಳ ಹೆಸರು ಸೇರಿಸಿದ್ದ ನನ್ನದೇ ಪಟ್ಟಿಯ ಮೇಲೆ ಬೆರಳಾಡಿಸಿದ. ಬೆರಳು ಕೆಳಕ್ಕೆ ಹೋಗುತ್ತಲೇ ಇತ್ತು. "ಬರುತ್ತಮ್ಮಾ. ನಿಮ್ಮದಕ್ಕೆ ಇನ್ನೂ ಹೊತ್ತಿದೆ."

ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಆಚೆ ಬೀದಿಯಲ್ಲಿ ಜನ ಬಸ್ಸು ಹತ್ತುವ ಗಲಾಟೆ ಕೇಳುತ್ತಿತ್ತು.

"ಎಲ್ಲರನ್ನೂ ಕರ್ಕೊಂಡು ಹೋಗ್ತಿದಾರೆ ಕಣೇ. ಹೊಸ್ತಿಲ ಹತ್ರ ಕುರ್ಚಿ ಎಳ್ಕೊಂಡು ಕೂತಿದೀನಿ. ನಿಂಗೆ ಆಫೀಸಿನೋರೆಲ್ಲ ಗೊತ್ತಲ್ವಾ, ನಮ್ಮ ಬೀದಿಗೆ ಬಸ್ ಯಾವಾಗ ಬರುತ್ತೆ, ಕೇಳಿ ಹೇಳೇ."

ಅಣೆಕಟ್ಟಿನ ಕಡೆಯಿಂದ ಸೈರನ್ ಕೂಗತೊಡಗಿತು.

ಅಕ್ಕನ ಪ್ರಶ್ನೆಯಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ.